ಜಿರಳೆಯ ತವರು

ಜಿರಳೆ ಕಂಡರೆ ನಾವು ಹೆಂಗಸರು ಪೊರಕೆ ಹುಡುಕುತ್ತೇವೆ, ಅದರ ಊರು ಕೇಳುವುದಿಲ್ಲ. ಆದರೂ ಒಂದು ಜಿರಳೆಯ ಚರಿತ್ರೆ ನನಗೆ ಬಹಳ ಹಿಡಿಸಿದೆ.

ಇದು ಅಡುಗೆಮನೆಯದಲ್ಲ. ನನ್ನ ತವರು, ಮಾಗಡಿ ತಾಲ್ಲೂಕಿನ ತಿಪ್ಪಸಂದ್ರದ ಹಿತ್ತಲಲ್ಲಿದ್ದಂಥ ಒದ್ದೆ ಮಣ್ಣು, ಕೊಳೆತ ಎಲೆಗಳಲ್ಲಿ ಬದುಕುವಂಥದು. 1758ರಲ್ಲಿ ಸ್ವೀಡನ್ನಿನ ಲಿನ್ನೇಯಸ್ ಅದಕ್ಕೆ ದಕ್ಷಿಣ ಅಮೆರಿಕದ ಸುರಿನಾಮ್ ನಾಡಿನ ಹೆಸರಿಟ್ಟ. 1775ರಲ್ಲಿ ಅವನ ಶಿಷ್ಯ ಫ್ಯಾಬ್ರೀಸಿಯಸ್ ಅಂಥದೇ ಇನ್ನೊಂದಕ್ಕೆ ಭಾರತದ ಹೆಸರಿಟ್ಟ. ಅಕ್ಕತಂಗಿಯರಷ್ಟು ಹೋಲುತ್ತಿದ್ದುದರಿಂದ ಮುಂದಿನ ಪಂಡಿತರು ಎರಡನ್ನೂ ಒಂದೇ ಎಂದು ಬಗೆದರು.

ಗುಟ್ಟು ಒಡೆದದ್ದು ಹವಾಯಿ ದ್ವೀಪದ ಜಿರಳೆಗಳಿಂದ. ಅವುಗಳಲ್ಲಿ ಗಂಡೂ ಇತ್ತು, ಹೆಣ್ಣೂ ಇತ್ತು. ಬೇರೆ ಕಡೆಯವು ಬರೀ ಹೆಣ್ಣು. ಗಂಡಿನ ಹಂಗಿಲ್ಲದೆ ಹೆಣ್ಣುಮರಿಗಳನ್ನೇ ಹಾಕುತ್ತಿದ್ದವು! ಅಮೆರಿಕದ ಲೂಯಿ ರಾತ್ ಎರಡನ್ನೂ ಸಾಕಿ, ಕೂಡಿಸಿ ನೋಡಿ, 1967ರಲ್ಲಿ ಇವು ಬೇರೆ ಬೇರೆ ಪ್ರಭೇದಗಳೆಂದರು. ಗಂಡುಹೆಣ್ಣಿನ ಕುಲಕ್ಕೆ ಭಾರತದ ಹೆಸರು ಉಳಿಯಿತು, ಬರೀ ಹೆಣ್ಣಿನ ಕುಲಕ್ಕೆ ಸುರಿನಾಮಿನದು.

ಆದರೆ ಸುರಿನಾಮ್ ಅದರ ತವರಲ್ಲ. ಅದರ ಮೂಲ ನಮ್ಮ ಏಷ್ಯಾದ ಕಡೆಯದೇ. ಗಿಡದ ಬುಡದ ಮಣ್ಣಿನೊಡನೆ ಹಡಗೇರಿ ಹೋಗಿರಬೇಕು. ಹೊಸ ಊರಲ್ಲಿ ಸಂಸಾರ ಹೂಡಲು ಒಂದೇ ಹೆಣ್ಣು ಸಾಕಲ್ಲ! ಮೊದಲಿಟ್ಟ ಹೆಸರೇ ನಿಲ್ಲಬೇಕೆಂಬುದು ಆ ಶಾಸ್ತ್ರದ ನಿಯಮ. ಹಾಗಾಗಿ ಯಾರೂ ತಿದ್ದಲಿಲ್ಲ.

ಮದುವೆಯಾದ ಮೇಲೆ ನನ್ನ ಹೆಸರಿನ ಮುಂದಿದ್ದ ತಿಪ್ಪಸಂದ್ರದ ಇನಿಷಿಯಲ್ ಬಿದ್ದುಹೋಯಿತು. ರೇಷನ್ ಕಾರ್ಡು ನೋಡಿದವರು ನನ್ನನ್ನು ಗಂಡನ ಊರಿನವಳೆಂದೇ ತಿಳಿಯುತ್ತಾರೆ. ಕಾಗದ ಏನಾದರೂ ಹೇಳಲಿ, ತವರು ತವರೇ.