ಕೂಸಿನ ತೂಕ: ಜನಪದ ನಂಬಿಕೆ ಮತ್ತು ಆಸ್ಪತ್ರೆಯ ದಾಖಲೆ

ಬಸುರಿಯ ಊಟದ ಬಗೆಗೆ ಕನ್ನಡನಾಡಿನ ಜನಪದರಲ್ಲಿ ಎರಡು ತಿಳಿವಳಿಕೆಗಳು ಒಟ್ಟೊಟ್ಟಿಗೆ ಬಾಳಿಬಂದಿವೆ. ಬಯಕೆ ತೀರಿಸದಿದ್ದರೆ ಕೂಸಿಗೆ ಕೇಡೆಂಬುದು ಒಂದು. ಬಯಕೆಯ ಊಟ, ಮಡಿಲು ತುಂಬುವ ಆಚರಣೆಗಳು ಇದನ್ನು ಆಧರಿಸಿವೆ. ಬಸುರಿ ಮಿತವಾಗಿ ಉಣ್ಣಬೇಕೆಂಬುದು ಇನ್ನೊಂದು. ಕರಾವಳಿ ಕರ್ನಾಟಕದಲ್ಲಿ ಕ್ಷೇತ್ರಕಾರ್ಯ ನಡೆಸಿದ ಮಾರ್ಕ್ ನಿಕ್ಟರ್ ಮತ್ತು ಮಿಮಿ ನಿಕ್ಟರ್ 1983ರಲ್ಲಿ ಪ್ರಕಟಿಸಿದ ಅಧ್ಯಯನವು ಎರಡನೆಯ ತಿಳಿವಳಿಕೆಯ ಒಳತರ್ಕವನ್ನು ದಾಖಲಿಸಿದೆ. ಹೊಟ್ಟೆಯೊಳಗಿನ ಎಡೆಯನ್ನು ಅನ್ನವೂ ಕೂಸೂ ಹಂಚಿಕೊಳ್ಳಬೇಕು. ಹೆಚ್ಚು ಉಂಡರೆ ಕೂಸಿಗೆ ಇಕ್ಕಟ್ಟು. ಕೂಸು ಚಿಕ್ಕದಾದರೆ ಹೆರಿಗೆ ಸುಲಭ ಎಂಬ ಭಾವನೆಯೂ ಇದರೊಡನೆ ಇತ್ತು.

ವೈದ್ಯಶಾಸ್ತ್ರಕ್ಕೂ ಚಿಕ್ಕ ಕೂಸಿನ ಅರ್ಥ ಒಮ್ಮೆಲೇ ತಿಳಿದುದಲ್ಲ. 2.5 ಕಿಲೋಗ್ರಾಂ ಅಥವಾ ಅದಕ್ಕಿಂತ ಕಡಿಮೆ ತೂಗುವ ಶಿಶುಗಳನ್ನೆಲ್ಲ ದಿನ ತುಂಬದೆ ಹುಟ್ಟಿದವು ಎಂದೇ ಎಣಿಸುವ ವಾಡಿಕೆ ಬಹುಕಾಲ ಇತ್ತು. 1961ರಲ್ಲಿ ವಿಶ್ವ ಆರೋಗ್ಯ ಸಂಸ್ಥೆಯು ಅವನ್ನು ‘ಕಡಿಮೆ ಜನನತೂಕ’ದವು ಎಂದು ಬೇರೆಯಾಗಿ ಹೆಸರಿಸಿತು. 1963ರಲ್ಲಿ ಅಮೆರಿಕದ ಲೂಲಾ ಲಬ್ಚೆಂಕೊ ಮತ್ತು ಸಂಗಡಿಗರು ಗರ್ಭದ 24ರಿಂದ 42ನೆಯ ವಾರದವರೆಗಿನ ತೂಕದ ರೇಖೆಗಳನ್ನು ಪ್ರಕಟಿಸಿದರು. ಬೇಗ ಹುಟ್ಟಿದ ಕೂಸನ್ನೂ ಗರ್ಭದಲ್ಲೇ ಬೆಳವಣಿಗೆ ಕುಂಠಿತಗೊಂಡ ಕೂಸನ್ನೂ ಬೇರ್ಪಡಿಸಿ ನೋಡುವುದು ಇದರಿಂದ ಸಾಧ್ಯವಾಯಿತು.

ಈ ಕುಂಠಿತ ಬೆಳವಣಿಗೆಯ ಪರಿಣಾಮವು ಶೈಶವಕ್ಕೆ ಮುಗಿಯುವುದೇ ಎಂಬುದು ಮುಂದಿನ ಪ್ರಶ್ನೆ. ಇಂಗ್ಲೆಂಡಿನ ಡೇವಿಡ್ ಬಾರ್ಕರ್ 1980ರ ದಶಕದಲ್ಲಿ ಹಳೆಯ ಜನನದಾಖಲೆಗಳನ್ನು ಮುಂದಿಟ್ಟುಕೊಂಡು ಅದನ್ನು ವಯಸ್ಕರ ಹೃದ್ರೋಗಕ್ಕೆ ಸಂಬಂಧಿಸಿದರು. ಭಾರತದಲ್ಲಿ ಇದರ ಪರಿಶೀಲನೆಗೆ ಒದಗಿದ್ದು ಮೈಸೂರಿನ ಹೋಲ್ಡ್ಸ್‌ವರ್ತ್ ಸ್ಮಾರಕ ಆಸ್ಪತ್ರೆ, ಜನರ ಬಾಯಲ್ಲಿ ‘ಮಿಷನ್ ಆಸ್ಪತ್ರೆ’. ಅಲ್ಲಿ 1934ರಿಂದ ಶಿಶುಗಳ ತೂಕ, ಉದ್ದ, ತಲೆಯ ಸುತ್ತಳತೆಗಳನ್ನು ಬರೆದಿಡಲಾಗಿತ್ತು. 1934ರಿಂದ 1954ರ ನಡುವೆ ಅಲ್ಲಿ ಹುಟ್ಟಿದ 517 ಮಂದಿಯನ್ನು ಹುಡುಕಿ ಪರೀಕ್ಷಿಸಿದ ಕ್ಯಾರೊಲೈನ್ ಫಾಲ್ ಮೊದಲಾದವರ ತಂಡ 1996ರಲ್ಲಿ ‘ಲ್ಯಾನ್ಸೆಟ್’ ಪತ್ರಿಕೆಯಲ್ಲಿ ತನ್ನ ಫಲಿತಾಂಶವನ್ನು ಪ್ರಕಟಿಸಿತು. ಹುಟ್ಟುವಾಗ 2.5 ಕಿಲೋಗ್ರಾಂ ಅಥವಾ ಕಡಿಮೆ ಇದ್ದವರಲ್ಲಿ ಹೃದ್ರೋಗ ಶೇ. 11ರಷ್ಟು, 3.1 ಕಿಲೋಗ್ರಾಂ ಅಥವಾ ಹೆಚ್ಚು ಇದ್ದವರಲ್ಲಿ ಶೇ. 3ರಷ್ಟು. ತಾಯಿಯೂ 45 ಕಿಲೋಗ್ರಾಂಗಿಂತ ಕಡಿಮೆ ತೂಗುತ್ತಿದ್ದ ಚಿಕ್ಕ ಕೂಸುಗಳು ಬೆಳೆದು ದೊಡ್ಡವರಾದಾಗ ರೋಗದ ಪ್ರಮಾಣ ಅತ್ಯಧಿಕವಾಗಿತ್ತು. ಆದರೆ ಮಧುಮೇಹದ ಕತೆ ಬೇರೆ. 1998ರಲ್ಲಿ ಪ್ರಕಟವಾದ ಅಧ್ಯಯನದಲ್ಲಿ ಅದು ಉದ್ದಕ್ಕೆ ಹೋಲಿಸಿದರೆ ದಪ್ಪಗೆ ಹುಟ್ಟಿದವರಲ್ಲಿ ಹೆಚ್ಚಾಗಿ ಕಂಡುಬಂದಿತು. ಆದ್ದರಿಂದ ಕೂಸು ದೊಡ್ಡದಾದಷ್ಟೂ ಕ್ಷೇಮ ಎಂಬ ಸರಳ ಸೂತ್ರಕ್ಕೂ ಇಲ್ಲಿ ಆಧಾರವಿಲ್ಲ.

ಈ ಫಲಿತಾಂಶಗಳನ್ನು ಓದುವಾಗ ಒಂದು ಎಚ್ಚರ ಅಗತ್ಯ. ಆಸ್ಪತ್ರೆಯ ಪುಸ್ತಕಗಳು ತೂಕವನ್ನು ಹೇಳುತ್ತವೆಯೇ ಹೊರತು ಬಸುರಿ ಏನು ಉಂಡಳೆಂಬುದನ್ನಲ್ಲ. ಮಿತ ಆಹಾರದ ನಂಬಿಕೆಯೇ ಕೂಸನ್ನು ಚಿಕ್ಕದಾಗಿಸಿತೆಂದು ತಾಯಂದಿರನ್ನು ದೂರುವುದಕ್ಕೆ ಅವು ಪುರಾವೆಯಾಗಲಾರವು. ತಾಯಿಯ ಮೈತೂಕ ಒಂಬತ್ತು ತಿಂಗಳ ಊಟದ ಫಲವಷ್ಟೇ ಅಲ್ಲ. ಆಕೆಯ ಬಾಲ್ಯ, ಬಡತನ, ದುಡಿಮೆಗಳು ಅದರಲ್ಲಿ ಸೇರಿರುತ್ತವೆ. ಮಿಗಿಲಾಗಿ, ಶಸ್ತ್ರಚಿಕಿತ್ಸೆ ಎಟುಕದ ಊರುಗಳಲ್ಲಿ ಕೂಸು ಅಡ್ಡಗಟ್ಟಿದ ಹೆರಿಗೆಯೆಂದರೆ ತಾಯಿಯ ಸಾವೇ ಆಗಬಹುದಿತ್ತು. ಚಿಕ್ಕ ಕೂಸನ್ನು ಬಯಸಿದ ಜನಪದರ ಕಣ್ಣು ಹೆರಿಗೆಯ ಆ ಒಂದು ದಿನದ ಮೇಲಿತ್ತು. ಅದೇ ಕೂಸಿನ ಐವತ್ತನೆಯ ವಯಸ್ಸನ್ನು ಕಾಣಲು ಸಾಧ್ಯವಾದದ್ದು ಆಸ್ಪತ್ರೆಯ ದಾಖಲೆಗಳಿಂದ. ಬಸುರಿಗೆ ಹೊಟ್ಟೆತುಂಬ ಉಣ್ಣಲು ಹೇಳುವ ಇಂದಿನ ಆರೋಗ್ಯ ಕಾರ್ಯಕ್ರಮವು ಆ ಹಳೆಯ ಭಯಕ್ಕೂ ಉತ್ತರ ಕೊಡಬೇಕಾಗುತ್ತದೆ. ಸುರಕ್ಷಿತ ಹೆರಿಗೆಯ ಭರವಸೆಯಿಲ್ಲದ ಕಡೆ ಆಹಾರದ ಉಪದೇಶವನ್ನು ಮನೆಯ ಹಿರಿಯ ಹೆಂಗಸರು ಒಪ್ಪುವುದು ಕಷ್ಟ.