ಡೀಸೆಲ್ ಎಂಜಿನ್ನಿನ ಇಂಧನ ಕೋಷ್ಟಕ ಮತ್ತು ಅದರ ಸಾಕ್ಷ್ಯ: ಒಂದು ಐತಿಹಾಸಿಕ ವಿವೇಚನೆ

ಶಾಸನವನ್ನು ಓದುವವನು ಎರಡು ಪ್ರಶ್ನೆಗಳನ್ನು ಕೇಳಿಕೊಳ್ಳಬೇಕಾಗುತ್ತದೆ: ಬರೆದಿರುವುದೇನು? ಬರೆದಂತೆ ನಡೆಯಿತೆ? ಭೂಮಿಯ ಎಲ್ಲೆಗಳನ್ನು ವಿವರವಾಗಿ ಹೇಳಿದ ಮಾತ್ರಕ್ಕೆ ದಾನವು ನಡೆಯಿತೆಂದು ಸಿದ್ಧವಾಗದು. ಗಂಗರ ಹೆಸರಿನ ಹಲವು ತಾಮ್ರಶಾಸನಗಳನ್ನು ಫ್ಲೀಟ್ ಅವರು ಕೂಟಶಾಸನಗಳೆಂದು ತಳ್ಳಿಹಾಕಿದುದು ವಿದ್ಯಾರ್ಥಿಗಳಿಗೆ ವಿದಿತವೇ ಆಗಿದೆ. ಇದೇ ಪ್ರಶ್ನೆಗಳು ಯಂತ್ರಗಳ ಇತಿಹಾಸದಲ್ಲಿಯೂ ಏಳುತ್ತವೆಂಬುದನ್ನು ಡೀಸೆಲ್ ಎಂಜಿನ್ನಿನ ನಿದರ್ಶನದಿಂದ ತೋರಿಸುವುದು ಪ್ರಸ್ತುತ ಲೇಖನದ ಉದ್ದೇಶ.

ಎಂಜಿನ್ನಿನ ನಡತೆಯನ್ನು ಅದರಿಂದಲೇ ಬರೆಯಿಸುವ ಯತ್ನವು ಹಳೆಯದು. ಸಿಲಿಂಡರಿನ ಒತ್ತಡವನ್ನು ಗೆರೆಯಾಗಿ ಕಾಗದದ ಮೇಲೆ ಮೂಡಿಸುವ ‘ಇಂಡಿಕೇಟರ್’ ಉಪಕರಣವನ್ನು ಜೇಮ್ಸ್ ವಾಟ್‌ನ ಸಹಾಯಕನಾದ ಜಾನ್ ಸದರ್ನ್ 1796ರ ಸುಮಾರಿಗೆ ರೂಪಿಸಿದನು. 1897ರ ಫೆಬ್ರವರಿಯಲ್ಲಿ ಆಗ್ಸ್‌ಬರ್ಗಿನಲ್ಲಿ ರುಡಾಲ್ಫ್ ಡೀಸೆಲನ ಎಂಜಿನ್ನನ್ನು ಪರೀಕ್ಷಿಸಿ, ಅದರ ದಕ್ಷತೆಯು ಶೇಕಡ 26.2 ಎಂದು ಸಾರಿದವನು ಡೀಸೆಲನಲ್ಲ. ಪ್ರಾಧ್ಯಾಪಕ ಮೊರಿಟ್ಸ್ ಶ್ರೋಟರ್. ನಿರ್ಮಿಸಿದವನು ಬೇರೆ, ಅಳೆದವನು ಬೇರೆ ಎಂಬುದನ್ನು ಇಲ್ಲಿ ಗಮನಿಸತಕ್ಕದ್ದು.

ಬೆಂಗಳೂರಿಗೆ ಈ ವಿದ್ಯೆಯು ಇಂಧನ ಪಂಪಿನ ಮೂಲಕ ಬಂದಿತು. 1951ರಲ್ಲಿ ಸ್ಥಾಪಿತವಾದ ಮೋಟಾರ್ ಇಂಡಸ್ಟ್ರೀಸ್ ಕಂಪನಿಯು, ಅಂದರೆ ಜನರ ಬಾಯಲ್ಲಿ ‘ಮೈಕೋ’, ಜರ್ಮನಿಯ ಬಾಷ್ ಸಂಸ್ಥೆಯ ಸಹಯೋಗದಿಂದ ಆಡುಗೋಡಿಯಲ್ಲಿ ಇಂತಹ ಪಂಪುಗಳನ್ನು ತಯಾರಿಸಿತು. 2008ರಲ್ಲಿ ಅದರ ಹೆಸರು ಬಾಷ್ ಲಿಮಿಟೆಡ್ ಎಂದಾಯಿತು. ನಗರದ ವಾಯವ್ಯದಲ್ಲಿ ಪೀಣ್ಯದ ಕೈಗಾರಿಕಾ ಪ್ರದೇಶವೂ ಅದರ ಮಗ್ಗುಲಲ್ಲಿ ರಾಜಗೋಪಾಲನಗರವೂ ಬೆಳೆದಂತೆ, ಲಾರಿ ಮತ್ತು ಜನರೇಟರುಗಳ ಡೀಸೆಲ್ ಎಂಜಿನ್ನುಗಳು ಅಲ್ಲಿಯ ನಿತ್ಯಜೀವನದ ಅಂಗವಾದುವು. ಹಳೆಯ ಪಂಪನ್ನು ಪರೀಕ್ಷಿಸುವ ರೀತಿಯು ಸರಳವಾಗಿತ್ತು. ಪಂಪನ್ನು ಬೆಂಚಿಗೆ ಕಟ್ಟಿ ತಿರುಗಿಸಿ, ಒಂದೊಂದು ಕೊಳವೆಯಿಂದ ಬಂದ ಎಣ್ಣೆಯನ್ನು ಗುರುತು ಹಾಕಿದ ಗಾಜಿನ ನಳಿಗೆಗಳಲ್ಲಿ ಹಿಡಿಯುತ್ತಿದ್ದರು. ಸತ್ಯವು ಕಣ್ಣಿಗೆ ಕಾಣುತ್ತಿತ್ತು.

1986ರಲ್ಲಿ ಬಾಷ್ ಸಂಸ್ಥೆಯು ಡೀಸೆಲಿಗೆ ಎಲೆಕ್ಟ್ರಾನಿಕ್ ನಿಯಂತ್ರಣವನ್ನು ತಂದಿತು. 1997ರಲ್ಲಿ ಕಾಮನ್ ರೈಲ್ ಪದ್ಧತಿಯು ಕಾರುಗಳಲ್ಲಿ ಬಳಕೆಗೆ ಬಂದಿತು. ಅಂದಿನಿಂದ ಇಂಧನದ ಪ್ರಮಾಣವನ್ನು ನಿರ್ಧರಿಸುವುದು ಪೆಟ್ಟಿಗೆಯೊಳಗಿನ ಅಂಕಿಗಳ ಕೋಷ್ಟಕ, ಕಸುಬಿನವರ ಮಾತಿನಲ್ಲಿ ‘ಮ್ಯಾಪ್’. ಒಂದು ಬದಿಗೆ ಎಂಜಿನ್ನಿನ ವೇಗ, ಇನ್ನೊಂದು ಬದಿಗೆ ಪೆಡಲಿನ ಸ್ಥಾನ ಅಥವಾ ಗಾಳಿಯ ಪ್ರಮಾಣ. ಒಳಗಿನ ಮನೆಗಳಲ್ಲಿ ಒಂದೊಂದು ಸಲಕ್ಕೆ ಚಿಮ್ಮಬೇಕಾದ ಇಂಧನದ ಮಿಲಿಗ್ರಾಂಗಳು. ಆದರೆ ಕೋಷ್ಟಕವು ಒಂದೇ ಅಲ್ಲ. ಪೆಡಲಿನ ಕೋಷ್ಟಕವು 60 ಮಿಲಿಗ್ರಾಂ ಕೇಳಿದರೂ, ಹೊಗೆಯನ್ನು ತಡೆಯುವ ಕೋಷ್ಟಕವು 50 ಮಾತ್ರ ಒಪ್ಪಿದರೆ, ಕಡಮೆಯದೇ ನಡೆಯುತ್ತದೆ. ಒಂದೇ ಕೋಷ್ಟಕವನ್ನು ಓದಿದವನು ಒಂದೇ ಶಾಸನದಿಂದ ರಾಜ್ಯದ ಇತಿಹಾಸವನ್ನು ಬರೆದವನಿಗೆ ಸಮಾನ.

ಆದುದರಿಂದ ಓಡುವ ಎಂಜಿನ್ನಿನಿಂದ ಕ್ಷಣಕ್ಷಣದ ಅಂಕಿಗಳನ್ನು ದಾಖಲಿಸಿಕೊಳ್ಳುವ ‘ಲಾಗ್’ ಅವಶ್ಯಕವಾಯಿತು. ಬೇಡಿದ ಒತ್ತಡವೆಷ್ಟು, ದೊರೆತ ಒತ್ತಡವೆಷ್ಟು. ಬೇಡಿದ ಗಾಳಿಯೆಷ್ಟು, ಬಂದ ಗಾಳಿಯೆಷ್ಟು ಎಂಬುದು ಅದರಿಂದ ತಿಳಿಯುತ್ತದೆ. ಆದರೆ ಲಾಗನ್ನೂ ವಿಮರ್ಶಿಸಬೇಕು. ಗಾಳಿ ಮತ್ತು ಒತ್ತಡಗಳು ಸಂವೇದಕಗಳಿಂದ ಅಳೆದವು. ‘ಚಿಮ್ಮಿದ ಇಂಧನ’ವಾದರೋ ಸಾಮಾನ್ಯವಾಗಿ ಅಳೆದುದಲ್ಲ, ಪೆಟ್ಟಿಗೆಯೇ ಲೆಕ್ಕ ಹಾಕಿದುದು. ನಿದರ್ಶನಕ್ಕಾಗಿ, ಗಾಳಿ 900 ಮಿಲಿಗ್ರಾಂ, ಇಂಧನ 50 ಎಂದು ಲಾಗ್ ತೋರಿಸಲಿ. ಪ್ರಮಾಣವು 18ಕ್ಕೆ 1. ಇಂಜೆಕ್ಟರು ಸವೆದು ನಿಜವಾಗಿ 58 ಮಿಲಿಗ್ರಾಂ ಸುರಿಯುತ್ತಿದ್ದರೆ ಪ್ರಮಾಣವು 15.5ಕ್ಕೆ ಇಳಿದು ಕಪ್ಪು ಹೊಗೆ ಏಳುತ್ತದೆ. ಆಗಲೂ ಲಾಗ್ 50 ಎಂದೇ ಹೇಳಬಹುದು. ಇಲ್ಲಿ ಸಾಕ್ಷಿಯು ಆಜ್ಞೆಯನ್ನೇ ಮತ್ತೊಮ್ಮೆ ಪಠಿಸುತ್ತಿರುವನಲ್ಲದೆ, ಕಂಡುದನ್ನು ಹೇಳುತ್ತಿಲ್ಲ.

ಈ ಭೇದವು ಕೇವಲ ಪಾಂಡಿತ್ಯದ ವಿಷಯವಲ್ಲವೆಂಬುದಕ್ಕೆ ಫೋಕ್ಸ್‌ವ್ಯಾಗನ್ ಪ್ರಕರಣವೇ ಪ್ರಮಾಣ. ಅದರ ಡೀಸೆಲ್ ಕಾರುಗಳು ಪ್ರಯೋಗಶಾಲೆಯಲ್ಲಿ ನಿಯಮಕ್ಕೆ ಒಳಪಟ್ಟಿದ್ದುವು. ಅಮೆರಿಕದ ವೆಸ್ಟ್ ವರ್ಜೀನಿಯಾ ವಿಶ್ವವಿದ್ಯಾನಿಲಯದ ಸಂಶೋಧಕರು ಹೊಗೆಕೊಳವೆಗೆ ಬೇರೊಂದು ಅಳತೆಯ ಉಪಕರಣವನ್ನು ಜೋಡಿಸಿ ಮೂರು ಡೀಸೆಲ್ ಕಾರುಗಳನ್ನು ರಸ್ತೆಯಲ್ಲಿ ಓಡಿಸಿದರು. ಅವುಗಳಲ್ಲಿ ಎರಡು ಮಿತಿಯ ಹಲವು ಪಟ್ಟು ನೈಟ್ರೋಜನ್ ಆಕ್ಸೈಡುಗಳನ್ನು ಉಗುಳುತ್ತಿದ್ದುದು 2014ರಲ್ಲಿ ಪ್ರಕಟವಾಯಿತು. ಪರೀಕ್ಷೆಯನ್ನು ಗುರುತಿಸಿ ನಡತೆಯನ್ನು ಬದಲಿಸುವ ತಂತ್ರಾಂಶವಿದ್ದುದನ್ನು ಸಂಸ್ಥೆಯು 2015ರ ಸೆಪ್ಟೆಂಬರಿನಲ್ಲಿ ಒಪ್ಪಿಕೊಂಡಿತು. ಭಾರತದಲ್ಲಿಯೂ ಅದು 3 ಲಕ್ಷಕ್ಕೂ ಹೆಚ್ಚು ವಾಹನಗಳನ್ನು ತಿದ್ದುಪಡಿಗಾಗಿ ಹಿಂದಕ್ಕೆ ಕರೆಯಬೇಕಾಯಿತು. 2023ರ ಏಪ್ರಿಲಿನಿಂದ ನಮ್ಮ ದೇಶದಲ್ಲಿ ರಸ್ತೆಯ ಮೇಲಿನ ಪರೀಕ್ಷೆಯೂ ನಿಯಮವಾಗಿದೆ.

ಇದರಿಂದ ನಿಷ್ಪನ್ನವಾಗುವುದಿಷ್ಟು: ಕೋಷ್ಟಕವು ಉದ್ದೇಶದ ದಾಖಲೆ, ಲಾಗ್ ಯಂತ್ರದ ಸ್ವಂತ ಹೇಳಿಕೆ, ಇವೆರಡೂ ಒಂದೇ ಪೆಟ್ಟಿಗೆಯಿಂದ ಬಂದಿರುವಾಗ ಅವುಗಳ ಹೊಂದಾಣಿಕೆಯೊಂದೇ ಪ್ರಮಾಣವಾಗಲಾರದು. ತೂಗಿದ ಇಂಧನ, ಅಳೆದ ಹೊಗೆ, ಇಂತಹ ಹೊರಗಿನ ಸಾಕ್ಷ್ಯವೊಂದು ಬೇಕು. ಗಾಜಿನ ನಳಿಗೆಯು ಮರೆಯಾಗಿರಬಹುದು. ಅದು ಕಲಿಸಿದ ಪಾಠವು ಮರೆಯಾಗಬಾರದು. ರಾಜಗೋಪಾಲನಗರದ ಕಸುಬುದಾರನಿಗೂ ದಫ್ತರಖಾನೆಯಲ್ಲಿ ಕುಳಿತ ಸಂಶೋಧಕನಿಗೂ ಈ ನಿಯಮವು ಒಂದೇ.