ಬಿಯರ್ ಹದಗೊಳಿಸುವ ಬಾಟಲಿಗಳ ಗಾತ್ರ

ಮನೆಯಲ್ಲಿ ತಯಾರಿಸಿದ ಬಿಯರನ್ನು ಮುಚ್ಚಿದ ಬಾಟಲಿಯಲ್ಲಿ ಎರಡನೆಯ ಬಾರಿ ಹುದುಗಿಸಿ, ಅದರಲ್ಲಿ ಅನಿಲ ತುಂಬುವಂತೆ ಮಾಡುವ ವಿಧಾನವನ್ನು ಬಾಟಲಿಯಲ್ಲಿ ಹದಗೊಳಿಸುವಿಕೆ ಎನ್ನುತ್ತಾರೆ. ಇದಕ್ಕೆ ಬಳಸುವ ಬಾಟಲಿಗಳು ಸಾಮಾನ್ಯವಾಗಿ 330ರಿಂದ 750 ಮಿಲಿಲೀಟರ್ ಗಾತ್ರದವು. ಬಾಟಲಿಯ ಗಾತ್ರವು ಒಮ್ಮೆಗೆ ಬಡಿಸುವ ಪ್ರಮಾಣವನ್ನು ನಿರ್ಧರಿಸುತ್ತದೆಯೇ ಹೊರತು ಒಳಗಿನ ಒತ್ತಡವನ್ನಲ್ಲ. ಒತ್ತಡವು ಮುಖ್ಯವಾಗಿ ಪ್ರತಿ ಲೀಟರಿಗೆ ಬೆರೆಸಿದ ಸಕ್ಕರೆ ಮತ್ತು ಉಷ್ಣತೆಯನ್ನು ಅವಲಂಬಿಸಿದೆ.

ಕ್ರಿಯೆ

ಮೊದಲ ಹುದುಗುವಿಕೆ ಮುಗಿದ ಬಿಯರಿಗೆ ಸ್ವಲ್ಪ ಸಕ್ಕರೆ ಬೆರೆಸಿ, ಬಾಟಲಿಗಳಿಗೆ ತುಂಬಿ, ಮುಚ್ಚಳವನ್ನು ಬಿಗಿಯಲಾಗುತ್ತದೆ. ಬಿಯರಿನಲ್ಲಿ ಉಳಿದಿರುವ ಯೀಸ್ಟ್ ಈ ಸಕ್ಕರೆಯನ್ನು ಮದ್ಯಸಾರ ಹಾಗೂ ಇಂಗಾಲದ ಡೈಆಕ್ಸೈಡ್ ಆಗಿ ಪರಿವರ್ತಿಸುತ್ತದೆ. ಹೊರಹೋಗಲು ದಾರಿಯಿಲ್ಲದ ಅನಿಲವು ಬಿಯರಿನಲ್ಲಿ ಕರಗುತ್ತದೆ. ಸುಮಾರು 20 ಡಿಗ್ರಿ ಸೆಲ್ಸಿಯಸ್ ಉಷ್ಣತೆಯಲ್ಲಿ ಇದಕ್ಕೆ ಎರಡು ಮೂರು ವಾರಗಳು ಬೇಕಾಗುತ್ತವೆ. ಯೀಸ್ಟ್ ತಳದಲ್ಲಿ ಗಸಿಯಾಗಿ ನಿಲ್ಲುತ್ತದೆ.

ಪ್ರಚಲಿತ ಗಾತ್ರಗಳು

ಅಮೆರಿಕದಲ್ಲಿ 355 ಮಿ.ಲೀ., ಬ್ರಿಟನ್ ಮತ್ತು ಜರ್ಮನಿಗಳಲ್ಲಿ 500 ಮಿ.ಲೀ., ಬೆಲ್ಜಿಯಂನಲ್ಲಿ 330 ಹಾಗೂ 750 ಮಿ.ಲೀ. ಬಾಟಲಿಗಳು ಹೆಚ್ಚು ಬಳಕೆಯಲ್ಲಿವೆ. ಅಮೆರಿಕದ ಮನೆ ತಯಾರಕರು ಒಮ್ಮೆಗೆ ಸಾಮಾನ್ಯವಾಗಿ 5 ಗ್ಯಾಲನ್, ಅಂದರೆ ಸುಮಾರು 19 ಲೀಟರ್ ತಯಾರಿಸುತ್ತಾರೆ. ಇದಕ್ಕೆ 355 ಮಿ.ಲೀ.ನ ಸುಮಾರು 53 ಅಥವಾ 750 ಮಿ.ಲೀ.ನ ಸುಮಾರು 25 ಬಾಟಲಿಗಳು ಬೇಕು.

ಆಯ್ಕೆ

ದೊಡ್ಡ ಬಾಟಲಿಗಳಿಂದ ತೊಳೆಯುವ, ತುಂಬುವ ಮತ್ತು ಮುಚ್ಚುವ ಶ್ರಮ ಕಡಿಮೆಯಾಗುತ್ತದೆ. ಆದರೆ ಅವನ್ನು ಹಲವು ಬಾರಿ ಬಗ್ಗಿಸಿ ಸುರಿದಾಗ ಗಸಿ ಕದಡುತ್ತದೆ. ತೆರೆದು ಉಳಿಸಿದ ಬಿಯರಿನ ಅನಿಲವೂ ಹೊರಟುಹೋಗುತ್ತದೆ. ಆದ್ದರಿಂದ ಹಲವರು ಕೂಡಿ ಕುಡಿಯುವ ಸಂದರ್ಭಕ್ಕೆ ದೊಡ್ಡ ಬಾಟಲಿಗಳೂ, ತೀಕ್ಷ್ಣವಾದ ಅಥವಾ ಬಹುಕಾಲ ಇಟ್ಟು ಆಗಾಗ ರುಚಿ ನೋಡಬೇಕಾದ ಬಿಯರಿಗೆ ಚಿಕ್ಕ ಬಾಟಲಿಗಳೂ ಸೂಕ್ತ. ಬೆಳಕಿನಿಂದ ಬಿಯರಿನ ವಾಸನೆ ಕೆಡುವುದನ್ನು ಕಂದು ಗಾಜು ಬಹುಮಟ್ಟಿಗೆ ತಡೆಯುತ್ತದೆ.

ಸುರಕ್ಷತೆ

ಸಕ್ಕರೆ ಹೆಚ್ಚಾದರೆ ಅಥವಾ ಮೊದಲ ಹುದುಗುವಿಕೆ ಪೂರ್ಣಗೊಳ್ಳದಿದ್ದರೆ ಬಾಟಲಿ ಸಿಡಿದು ಗಾಯವಾಗಬಹುದು. 750 ಮಿ.ಲೀ. ಬಾಟಲಿಗೆಂದು ಅಳೆದ ಸಕ್ಕರೆಯನ್ನು 330 ಮಿ.ಲೀ. ಬಾಟಲಿಗೆ ಹಾಕಿದರೆ ಅದು ಎರಡು ಪಟ್ಟಿಗೂ ಹೆಚ್ಚಾಗುತ್ತದೆ. ಬೇರೆ ಬೇರೆ ಗಾತ್ರದ ಬಾಟಲಿಗಳನ್ನು ಬಳಸುವಾಗ ಸಕ್ಕರೆಯನ್ನು ತೂಗಿ, ನೀರಿನಲ್ಲಿ ಕುದಿಸಿ, ಇಡೀ ಬಿಯರಿಗೆ ಒಮ್ಮೆಲೇ ಬೆರೆಸುವುದರಿಂದ ಈ ಅಪಾಯ ತಪ್ಪುತ್ತದೆ. ಹೆಚ್ಚು ಅನಿಲವಿರುವ ಬೆಲ್ಜಿಯಂ ಮಾದರಿಯ ಬಿಯರಿಗೆ ದಪ್ಪ ಗಾಜಿನ ಬಾಟಲಿಗಳು ಅಗತ್ಯ. ಸೀಳು ಬಿಟ್ಟ ಬಾಟಲಿಗಳನ್ನೂ ಒತ್ತಡಕ್ಕೆಂದು ತಯಾರಿಸದ ಗಾಜಿನ ಬಾಟಲಿಗಳನ್ನೂ ಬಳಸಬಾರದು.

ಕಾನೂನು

ಅಮೆರಿಕದಲ್ಲಿ ಸ್ವಂತ ಬಳಕೆಗಾಗಿ ಮನೆಯಲ್ಲಿ ಬಿಯರ್ ತಯಾರಿಸುವುದಕ್ಕೆ ತೆರಿಗೆ ವಿನಾಯಿತಿ ನೀಡಿದ ಕಾಯ್ದೆಗೆ ಅಧ್ಯಕ್ಷ ಜಿಮ್ಮಿ ಕಾರ್ಟರ್ 1978ರಲ್ಲಿ ಸಹಿ ಹಾಕಿದರು. ಕರ್ನಾಟಕದಲ್ಲಿ ಮದ್ಯ ತಯಾರಿಕೆಗೆ ಕರ್ನಾಟಕ ಅಬಕಾರಿ ಕಾಯ್ದೆ, 1965ರ ಅಡಿಯಲ್ಲಿ ಪರವಾನಗಿ ಅಗತ್ಯ.